ಉಜ್ಜದ ಹುಣಸೆ ಬೀಜ

ಮಕ್ಕಳನ್ನು ನಮ್ಮಲ್ಲಿಗೆ ಕರೆತರುವ ತಂದೆತಾಯಿ ಹೆಚ್ಚಾಗಿ ಹೇಳುವುದು ಒಂದೇ ಮಾತು: "ಇವನಿಗೆ ಸ್ವಲ್ಪ ಬುದ್ಧಿ ಹೇಳಿ, ಮೇಡಂ." ಬಸ್ಸು ಹಿಡಿದು ಬಂದವರು ತಾಯಿ, ತೊಂದರೆ ಹೇಳಿಕೊಳ್ಳುವವರು ತಾಯಿ, ಫೀಸು ಕಟ್ಟುವವರೂ ಅವರೇ. ಕುರ್ಚಿಯ ತುದಿಯಲ್ಲಿ ಕುಳಿತು ಕಾಲಾಡಿಸುತ್ತಿರುವ ಹುಡುಗ ಇನ್ನೂ ಯಾರ ಹತ್ತಿರವೂ ಏನನ್ನೂ ಕೇಳಿಲ್ಲ. ಮೈಸೂರಿನ ಒಂದು ಸಣ್ಣ ಕೇಂದ್ರದಲ್ಲಿ ಮಕ್ಕಳ ಮನೋಚಿಕಿತ್ಸಕಿಯಾಗಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಈ ವ್ಯತ್ಯಾಸ ಪುಸ್ತಕದಿಂದ ನನಗೆ ಮೊದಲೇ ತಿಳಿದಿತ್ತಾದರೂ ಅದು ನಿಜವಾಗಿ ಅರ್ಥವಾದದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೋವಿಶ್ಲೇಷಣೆಯ, ಅಂದರೆ ಮನಸ್ಸಿನಲ್ಲಿ ನಮ್ಮ ಅರಿವಿಗೇ ಬಾರದೆ ಇರುವುದನ್ನು ಹುಡುಕುವ ಚಿಕಿತ್ಸೆಯ, ದಾರಿಯಲ್ಲಿ ಮಕ್ಕಳೊಡನೆ ಕೆಲಸ ಮಾಡುವವರಿಗೆ ಫ್ರಾನ್ಸಿನ ವೈದ್ಯೆ ಫ್ರಾಂಸ್ವಾಸ್ ಡೋಲ್ಟೊ ಅವರ ಹೆಸರು ಪರಿಚಿತ. 1940ರಿಂದ 1978ರವರೆಗೆ ಪ್ಯಾರಿಸ್ಸಿನ ಟ್ರೂಸೋ ಆಸ್ಪತ್ರೆಯಲ್ಲಿ ಮಕ್ಕಳನ್ನು ನೋಡುತ್ತಿದ್ದ ಅವರು, ಕೆಲವು ಭೇಟಿಗಳಾದ ಮೇಲೆ ಮಗುವಿನಿಂದಲೇ ಒಂದು ಸಾಂಕೇತಿಕ ಶುಲ್ಕ ಕೇಳುತ್ತಿದ್ದರು. ಅದು ಬೀದಿಯಲ್ಲಿ ಹೆಕ್ಕಿದ ಒಂದು ಕಲ್ಲಾಗಬಹುದು, ಮಗುವೇ ಬಣ್ಣ ಹಚ್ಚಿ ಮಾಡಿದ ಅಂಚೆಚೀಟಿಯಾಗಬಹುದು, ಹತ್ತು ಸಾಂಟೀಮಿನ ನಾಣ್ಯವಾಗಬಹುದು. ಮಗು ಅದನ್ನು ತಂದರೆ ಈ ಕೆಲಸ ತನಗೆ ಬೇಕು ಎಂದು ತನ್ನ ಪರವಾಗಿ ತಾನೇ ಹೇಳಿದಂತೆ. ತರದಿದ್ದರೆ ಆ ದಿನ ಭೇಟಿ ಇಲ್ಲ. ಅದು ಶಿಕ್ಷೆಯಲ್ಲ, ಮಗು ಬೇಡವೆಂದದ್ದಕ್ಕೆ ಕೊಡುವ ಮರ್ಯಾದೆ. ಕೇಳಲು ಸುಲಭವೆನಿಸುವ ಈ ನಿಯಮದ ಕಷ್ಟವೆಲ್ಲ ಇರುವುದು ಕೊನೆಯ ಭಾಗದಲ್ಲಿ.

ನಮ್ಮ ಹುಡುಗನಿಗೆ ಒಂಬತ್ತು ವರ್ಷ. ಚೆನ್ನಾಗಿ ಓದುತ್ತಿದ್ದ, ಆದರೆ ಪೆನ್ಸಿಲ್ ಕೈಗೆ ಕೊಟ್ಟರೆ ಒಂದಕ್ಷರ ಬರೆಯುತ್ತಿರಲಿಲ್ಲ. ಶಾಲೆಯವರು ಅವನಿಗೆ ಸೋಮಾರಿ ಎಂಬ ಹೆಸರಿಟ್ಟಿದ್ದರು. ಗುರುವಾರ ಅವನು ಶಾಲೆ ಬಿಟ್ಟು ನಮ್ಮಲ್ಲಿಗೆ ಬರುತ್ತಿದ್ದ. ಬೆಳಗ್ಗೆ ಎರಡು ಗಂಟೆ ಐದಾರು ಮಕ್ಕಳ ಜೊತೆ ವಿಶೇಷ ಶಿಕ್ಷಕಿಯ ತರಗತಿ, ಅದಾದ ಮೇಲೆ ನನ್ನ ಕೋಣೆಯಲ್ಲಿ ಮುಕ್ಕಾಲು ಗಂಟೆ. ತರಗತಿಯಲ್ಲಿ ನಡೆದದ್ದನ್ನು ಶಿಕ್ಷಕಿ ನನಗೆ ಹೇಳಬಹುದು, ಕೋಣೆಯಲ್ಲಿ ನಡೆದದ್ದನ್ನು ನಾನು ಅವರಿಗೆ ಹೇಳುವುದಿಲ್ಲ. ಹೊಸದಾಗಿ ಸೇರುವ ಶಿಕ್ಷಕಿಯರಿಗೆ ಇದು ಮೊದಲಿಗೆ ನನ್ನ ಬಿಗುಮಾನದಂತೆ ಕಾಣುವುದೂ ಉಂಟು.

ಮೂರನೆಯ ಗುರುವಾರ ನಾನು ಶುಲ್ಕದ ಮಾತು ತೆಗೆದಾಗ, ಏನು ತರುತ್ತೀಯ ಎಂದು ಕೇಳಿದ್ದಕ್ಕೆ ಅವನು ಯೋಚಿಸದೆ "ಹುಣಸೆ ಬೀಜ" ಎಂದ. ಮುಂದಿನ ವಾರ ಚಡ್ಡಿಯ ಜೇಬಿನಿಂದ ಒಂದು ಬೀಜ ತೆಗೆದು ಟಕ್ಕೆಂದು ಮೇಜಿನ ಮೇಲಿಟ್ಟ. ಬೀಜದ ಒಂದು ಮಗ್ಗುಲನ್ನು ನೆಲಕ್ಕೆ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದ, ಇನ್ನೊಂದು ಮಗ್ಗುಲು ಕಂದು ಬಣ್ಣದಲ್ಲಿ ಹೊಳೆಯುತ್ತಿತ್ತು. ನಾನು ಅದನ್ನು ಅವನೆದುರಿಗೇ ಒಂದು ಸ್ಟೀಲ್ ಡಬ್ಬಿಗೆ ಹಾಕಿದೆ. ಹೀಗೆ ನಾಲ್ಕು ವಾರ ನಡೆಯಿತು.

ಐದನೆಯ ವಾರ ಅವನ ಜೇಬು ಖಾಲಿಯಾಗಿತ್ತು. ಬಾಗಿಲಲ್ಲೇ ನಿಂತಿದ್ದ ತಾಯಿ ಪರ್ಸು ತೆರೆದು, ಕಾಗದದಲ್ಲಿ ಸುತ್ತಿದ್ದ ಒಂದು ಬೀಜ ತೆಗೆದು, "ಇವನು ಮರೆತುಬಿಟ್ಟಿದ್ದ ಮೇಡಂ, ನೋಡಿ ನಾನೇ ಹಿಡ್ಕೊಂಡು ಬಂದೆ" ಎಂದರು. ಆಕೆ ಗಾರ್ಮೆಂಟ್ಸ್ ಕೆಲಸದವರು. ಅರ್ಧ ದಿನದ ಸಂಬಳ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದರು. ಹಿಂದಕ್ಕೆ ಕಳಿಸಲು ನನಗೆ ಬಾಯಿ ಬರಲಿಲ್ಲ. ಬೀಜವನ್ನು ತೆಗೆದುಕೊಂಡು ಡಬ್ಬಿಗೆ ಹಾಕಿದೆ. ಹುಡುಗ ಒಳಗೆ ಬಂದು, ಗೋಡೆಗೆ ಮುಖ ಮಾಡಿ ಕುಳಿತು, ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ನಾನು ಆ ದಿನದ ಟಿಪ್ಪಣಿಯಲ್ಲಿ "ಪ್ರತಿರೋಧ" ಎಂದು, ಅಂದರೆ ಚಿಕಿತ್ಸೆಗೆ ಅವನ ಮನಸ್ಸೇ ಅಡ್ಡ ನಿಲ್ಲುತ್ತಿದೆ ಎಂದು, ಬರೆದೆ. ನಮ್ಮ ವೃತ್ತಿಯಲ್ಲಿ ಎದುರಿನವರ ತಲೆಗೆ ಕಟ್ಟಲು ಇಷ್ಟು ಸಲೀಸಾಗಿ ಒದಗುವ ಪದ ಇನ್ನೊಂದಿಲ್ಲ.

ಮುಂದಿನ ವಾರ ಅವನು ಒಳಗೆ ಬಂದವನೇ ಡಬ್ಬಿ ಮಗುಚಿ, ಐದು ಬೀಜಗಳಲ್ಲಿ ಒಂದನ್ನು ಬೆರಳಿನಿಂದ ಆಚೆ ತಳ್ಳಿ ಹೇಳಿದ: "ಇದು ಉಜ್ಜಿಲ್ಲ."

ನನ್ನ ಮೇಲ್ವಿಚಾರಕಿಯ, ಅಂದರೆ ನನ್ನ ಕೆಲಸವನ್ನು ನನ್ನೊಡನೆ ಕೂತು ಪರಿಶೀಲಿಸುವ ಹಿರಿಯ ಚಿಕಿತ್ಸಕಿಯ, ಬಳಿ ಇದನ್ನು ಹೇಳಿಕೊಂಡಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ದಿನ ಫೀಸು ಕೊಟ್ಟವರು ಯಾರು, ಭೇಟಿಗೆ ಕೂತವರು ಯಾರು?" ಬೇಡವೆನ್ನಲು ಅವನಿಗೊಂದು ದಾರಿ ಮಾಡಿಕೊಟ್ಟವಳು ನಾನು; ಅವನು ಮೊದಲ ಸಲ ಆ ದಾರಿ ಹಿಡಿದಾಗ ಅವನ ತಾಯಿಯ ಜೊತೆ ಸೇರಿ ಅದನ್ನು ಮುಚ್ಚಿದವಳೂ ನಾನೇ. ಮನೆಯಲ್ಲಿ ಅವನ ಹೋಂವರ್ಕನ್ನು ತಾಯಿಯೇ ಬರೆದು ಮುಗಿಸುತ್ತಿದ್ದ ಸಂಗತಿ ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೋಣೆಯಲ್ಲಿ ಅದೇ ಮತ್ತೊಮ್ಮೆ ನಡೆಯಲು ಬಿಟ್ಟಿದ್ದೆ. ಒಂದು ಮಗ್ಗುಲು ಉಜ್ಜಿದ ನಾಲ್ಕು ಹುಣಸೆ ಬೀಜ ಎಂದರೆ ಚೌಕಾಬಾರದ ದಾಳದ ಒಂದು ಪೂರ್ತಿ ಜೊತೆ ಎಂಬುದೂ ನನಗೆ ಹೊಳೆದದ್ದು ಆಗಲೇ. ಬೀಜ ತರುವುದನ್ನು ಅವನು ನಿಲ್ಲಿಸಿದ್ದು ಅದಕ್ಕಾಗಿಯೇ ಎಂದು ನಾನು ಹೇಳಲಾರೆ. ಅಂಥ ಚಂದದ ವ್ಯಾಖ್ಯಾನಗಳ ಬಗ್ಗೆ ನನಗೆ ಈಗೀಗ ಅನುಮಾನ ಹೆಚ್ಚು.

ಮುಂದಿನ ಗುರುವಾರ ತಾಯಿ ಮಗ ಇಬ್ಬರ ಎದುರಿಗೂ ಆ ಬೀಜವನ್ನು ತಾಯಿಯ ಕೈಗೆ ವಾಪಸು ಕೊಟ್ಟು, ಅದನ್ನು ತೆಗೆದುಕೊಂಡದ್ದು ನನ್ನ ತಪ್ಪು ಎಂದೆ. ಹುಡುಗ ಒಮ್ಮೆ ನನ್ನ ಮುಖ ನೋಡಿ, "ನಾನೂ ತಂದಿಲ್ಲ" ಎಂದ. "ಸರಿ, ಇವತ್ತು ನಿನಗೆ ಬೇಡ. ಮುಂದಿನ ಗುರುವಾರ ಇದೇ ಹೊತ್ತಿಗೆ ನಾನು ಇಲ್ಲೇ ಇರುತ್ತೇನೆ" ಎಂದೆ. ಅವನು ತರಗತಿಯ ಕೋಣೆಗೆ ಓಡಿದ. ತಾಯಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಆಕೆಯ ಅರ್ಧ ದಿನದ ಸಂಬಳಕ್ಕೆ ನಿಯಮದಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ನಾವು ನಮ್ಮದೇ ಒಂದು ಏರ್ಪಾಡು ಮಾಡಿಕೊಂಡೆವು: ಮಗು ಬೇಡವೆಂದ ದಿನ, ಮಗುವಿಗೆ ತಿಳಿಸಿ, ಆ ಹೊತ್ತನ್ನು ತಾಯಿಗೆ ಕೊಡುವುದು, ಆದರೆ ಮಾತು ಆಕೆಯದಾಗಿರಬೇಕು, ಮಗನ ಮೇಲಿನ ದೂರಾಗಬಾರದು. ಮನೋವಿಶ್ಲೇಷಣೆಯನ್ನು ಕಟ್ಟುನಿಟ್ಟಾಗಿ ಕಲಿತವರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ದಿನಗೂಲಿ ಬಿಟ್ಟು ಬರುವ ತಾಯಿಯನ್ನು ಜಗಲಿಯಲ್ಲಿ ಸುಮ್ಮನೆ ಕೂರಿಸಿ ಕಳಿಸಿದರೆ, ಮನೆಗೆ ಹೋದ ಮೇಲೆ ಮಗ ಹೇಳಿದ ಆ "ಬೇಡ"ಕ್ಕೆ ಏನು ಬೆಲೆ ತೆರಬೇಕಾದೀತು ಎಂಬುದನ್ನೂ ನಾನು ನೋಡಬೇಕಲ್ಲವೇ?

ಹುಡುಗ ಎರಡು ವಾರ ಬಿಟ್ಟು, ಉಜ್ಜಿದ ಬೀಜ ಹಿಡಿದು ಬಂದ. ಅವನ ಬರವಣಿಗೆ ಸರಿಹೋಯಿತೆಂದು ಹೇಳುವ ಸ್ಥಿತಿ ಈಗಲೂ ಇಲ್ಲ. ತರಗತಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಇಪ್ಪತ್ತೈದು ಮನೆಗಳನ್ನು ಗೆರೆ ಕೊಂಕದಂತೆ ಎಳೆಯುತ್ತಾನೆ ಎಂದು ಶಿಕ್ಷಕಿ ಹೇಳಿದರು.

ಹದಿಹರೆಯದವರಿಗೆ ಕಲ್ಲು, ಬೀಜ ಹೊಂದುವುದಿಲ್ಲ, ನಗುತ್ತಾರೆ. ಅವರ ವಿಷಯದಲ್ಲಿ ನಾನು ಕೇಳುವುದು ಇಷ್ಟೇ: ಎರಡನೆಯ ಭೇಟಿಯ ಸಮಯವನ್ನು ಅವರೇ ಫೋನ್ ಮಾಡಿ ಗೊತ್ತುಮಾಡಿಕೊಳ್ಳಬೇಕು. ಅವರು ಹೇಳಿದ್ದನ್ನು ಮನೆಯವರಿಗೆ ಹೇಳುವುದಿಲ್ಲ ಎಂದೂ, ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ನಾನು ಪೊಲೀಸರಿಗೆ ತಿಳಿಸಲೇಬೇಕು ಎಂದೂ, ಎರಡನ್ನೂ ಮೊದಲ ದಿನವೇ ಒಟ್ಟಿಗೆ ಹೇಳಿಬಿಡುತ್ತೇನೆ. ಕಳೆದ ವರ್ಷ ಎಸ್ಸೆಸ್ಸೆಲ್ಸಿ ಓದುತ್ತಿದ್ದ ಒಬ್ಬಳು ಹುಡುಗಿಯ ಮನೆಯಿಂದ ಅವಳ ತಂದೆ ಮೂರು ಸಲ ಫೋನ್ ಮಾಡಿದರು, ಸೋದರತ್ತೆ ಒಮ್ಮೆ ಮಾಡಿದರು. ಅವಳೇ ಮಾಡಲಿ ಎಂದು ಪ್ರತಿ ಸಲವೂ ಹೇಳಿದೆ. ಹನ್ನೊಂದನೆಯ ದಿನ ಅವಳ ಫೋನ್ ಬಂತು: "ಮೇಡಂ, ನಾನು ಬರಲ್ಲ. ಅದನ್ನ ಹೇಳೋಕೇ ಮಾಡಿದ್ದು." ಫೋನ್ ಮಾಡಿದ್ದಕ್ಕೆ ಥ್ಯಾಂಕ್ಸ್ ಹೇಳಿದೆ. ಅವಳು ಫೋನ್ ಇಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಶನಿವಾರ ನಾನು ಎಷ್ಟು ಗಂಟೆಯವರೆಗೆ ಇರುತ್ತೇನೆ ಎಂದು ಕೇಳಿದಳು.