ಸೀಲ್ ಮಾಡಿದ ಡಬ್ಬಿಗೂ ನೀರು ಹೋಗುತ್ತದೆ: ಆರ್‌ಸಿ ಟ್ರಕ್ ರಿಪೇರಿಯಲ್ಲಿ ಕಲಿತದ್ದು

ರಿಮೋಟ್ ಕಂಟ್ರೋಲ್ ಟ್ರಕ್‌ಗಳನ್ನು ರಿಪೇರಿ ಮಾಡುವುದು, ಕೆಸರು ನೀರಲ್ಲಿ ಓಡಿಸುವವರಿಗೆ ಅವನ್ನು ತಯಾರು ಮಾಡಿಕೊಡುವುದು ನನ್ನ ಕೆಲಸ. ಮೇಜಿಗೆ ಬರುವ ಟ್ರಕ್‌ಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಅಂಟು, ಟೇಪು, ಬಲೂನು ಎಲ್ಲ ಹಾಕಿ ಬಿಗಿಯಾಗಿ ಮುಚ್ಚಿದ ಟ್ರಕ್‌ಗಳಲ್ಲೇ ಹಾಳಾಗಿರುವುದು ಜಾಸ್ತಿ. ರಿಮೋಟ್‌ನ ಸಿಗ್ನಲ್ ಹಿಡಿಯುವ ರಿಸೀವರ್ ಇರುವ ಡಬ್ಬಿ ಬಿಚ್ಚಿದರೆ ಮುಚ್ಚಳದ ಒಳಗೆಲ್ಲ ಬೆವರಿದ ಹಾಗೆ ಹನಿ, ಪಿನ್‌ಗಳ ಮೇಲೆ ಹಸಿರು ಕಿಲುಬು. "ಪೂರ್ತಿ ಸೀಲ್ ಮಾಡಿದ್ದೆ, ನೀರು ಎಲ್ಲಿಂದ ಬಂತು?" ಅಂತ ಮಾಲೀಕರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಅದಕ್ಕೆ ಉತ್ತರ ಹುಡುಕುತ್ತಾ ಹೋದಂತೆ ನಾನು ಕೆಲಸ ಮಾಡುವ ರೀತಿಯೇ ಬದಲಾಯಿತು.

ನೀರು ಬರುವ ಮೊದಲ ದಾರಿ ಬಿಸಿಯಿಂದ. ಟ್ರಕ್ ಓಡುವಾಗ ಮೋಟಾರ್, ಅದಕ್ಕೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಸ್ಪೀಡ್ ಕಂಟ್ರೋಲರ್ ಎರಡೂ ಕಾಯುತ್ತವೆ. ಹತ್ತಿರದ ಡಬ್ಬಿಯೊಳಗಿನ ಗಾಳಿಯೂ ಕಾಯುತ್ತದೆ. ಕಾದ ಗಾಳಿ ಹಿಗ್ಗಿ ಸೀಲಿನ ಸಣ್ಣ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ಆಮೇಲೆ ಟ್ರಕ್ ತಣ್ಣನೆ ನೀರಿನ ಹೊಂಡಕ್ಕೆ ಇಳಿಯುತ್ತದೆ. ಒಳಗಿನ ಗಾಳಿ ಬೇಗ ತಣಿದು ಕುಗ್ಗುತ್ತದೆ, ಒತ್ತಡ ಬೀಳುತ್ತದೆ, ಡಬ್ಬಿ ತಾನೇ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ. 60 ಡಿಗ್ರಿ ಸೆಲ್ಸಿಯಸ್ ಇದ್ದ ಗಾಳಿ 25 ಡಿಗ್ರಿಗೆ ಇಳಿದರೆ ಗಟ್ಟಿ ಡಬ್ಬಿಯೊಳಗಿನ ಒತ್ತಡ ಶೇಕಡಾ 10ರಷ್ಟು ಕಡಿಮೆಯಾಗುತ್ತದೆ. ಹೆಚ್ಚುಕಡಿಮೆ 1 ಮೀಟರ್ ಆಳದ ನೀರು ಒತ್ತುವಷ್ಟೇ ಬಲ ಅದು. ಟ್ರಕ್ ಒಂದು ಗೇಣು ನೀರಲ್ಲಿ ನಿಂತಿದ್ದರೂ ಸೀಲಿನ ಪಾಲಿಗೆ ಅದು ಮೀಟರ್ ಆಳ.

"ಇದು ಐಪಿ67, ಏನೂ ಆಗಲ್ಲ" ಅನ್ನುವವರಿಗೂ ಇದನ್ನೇ ಹೇಳುತ್ತೇನೆ. ಐಪಿ ಅನ್ನುವುದು ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ರೇಟಿಂಗ್. ಕೊನೆಯ 7 ಅಂದರೆ 1 ಮೀಟರ್ ಆಳದ ನಿಂತ ನೀರಲ್ಲಿ 30 ನಿಮಿಷ. ಆ ಪರೀಕ್ಷೆಯಲ್ಲಿ ನೀರಿಗೂ ವಸ್ತುವಿಗೂ 5 ಡಿಗ್ರಿಗಿಂತ ಜಾಸ್ತಿ ಬಿಸಿಯ ವ್ಯತ್ಯಾಸ ಇರಬಾರದು ಅನ್ನುವ ನಿಯಮವೂ ಇದೆ. ಓಡಿ ಕಾದ ಟ್ರಕ್ ತಣ್ಣೀರಿಗೆ ಬೀಳುವ ಪರಿಸ್ಥಿತಿ ಅದರಲ್ಲಿ ಬರುವುದೇ ಇಲ್ಲ. ಜೋರಾಗಿ ಬಡಿಯುವ ನೀರಿನ ಧಾರೆಗೂ ಆ 7 ಜವಾಬ್ದಾರಿ ಅಲ್ಲ, ಅದಕ್ಕೆ 5 ಮತ್ತು 6 ಅಂತ ಬೇರೆ ಪರೀಕ್ಷೆಗಳಿವೆ. ರೇಟಿಂಗ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ಏನನ್ನು ಅಳೆದಿದೆಯೋ ಅಷ್ಟಕ್ಕೆ ಮಾತ್ರ ನಂಬಬೇಕು.

ಎರಡನೇ ದಾರಿ ವೈರ್‌ನ ಒಳಗೇ ಇದೆ. ಸ್ಟೀರಿಂಗ್ ತಿರುಗಿಸುವ ಸಣ್ಣ ಮೋಟಾರ್ ಪೆಟ್ಟಿಗೆಯಾದ ಸರ್ವೋದ ವೈರ್, ಬ್ಯಾಟರಿ ವೈರ್ ಎಲ್ಲ ಸಣ್ಣ ಸಣ್ಣ ಎಳೆಗಳ ಕಟ್ಟು. ಒಂದು ತುದಿ ಒದ್ದೆಯಾದರೆ ದೀಪದ ಬತ್ತಿ ಎಣ್ಣೆ ಏರಿಸುವ ಹಾಗೆ ಆ ಎಳೆಗಳು ನೀರನ್ನು ಏರಿಸುತ್ತವೆ. ಹೊರಗಿನ ಪ್ಲಾಸ್ಟಿಕ್ ಒಣಗಿರುತ್ತದೆ, ಒಳಗೆ ಮಾತ್ರ ನೀರು ನಿಧಾನವಾಗಿ ಡಬ್ಬಿಯ ಕಡೆಗೆ ಹೋಗುತ್ತಿರುತ್ತದೆ. ಕೆಟ್ಟ ಸರ್ವೋದ ವೈರ್ ಸುಲಿದರೆ ತಾಮ್ರ ಕಪ್ಪಾಗಿರುವುದು ಎಷ್ಟೋ ಸಲ ಕಂಡಿದೆ. ಹಾಗೆ ಕಪ್ಪಾದ ಎಳೆಗೆ ಸೋಲ್ಡರ್ ಹಿಡಿಯುವುದೇ ಇಲ್ಲ, ವೈರ್ ಬದಲಿಸಬೇಕು. ಮುಚ್ಚಳ ಎಷ್ಟೇ ಬಿಗಿ ಇರಲಿ, ಈ ದಾರಿಗೆ ಅದು ಅಡ್ಡ ಬರುವುದಿಲ್ಲ ಅಲ್ವಾ.

ಆದ್ದರಿಂದ ನಾನೀಗ ಟ್ರಕ್ ಕೈಗೆತ್ತಿಕೊಂಡಾಗ ನೀರು ಒಳಗೆ ಬಂದೇ ಬರುತ್ತದೆ ಅಂದುಕೊಂಡೇ ಶುರುಮಾಡುತ್ತೇನೆ. ಪ್ರತಿ ಸರ್ಕ್ಯೂಟ್ ಬೋರ್ಡೂ ಒದ್ದೆಯಾದರೂ ತಾನೇ ತಡೆದುಕೊಳ್ಳಬೇಕು. ಡಬ್ಬಿಯ ಕೆಲಸ ಕೆಸರು ಮತ್ತು ನೇರ ಏಟು ತಡೆಯುವುದಷ್ಟೇ. ಮತ್ತೆ, ಅದು ಸುಲಭವಾಗಿ ಬಿಚ್ಚುವ ಹಾಗಿರಬೇಕು. ಬಿಚ್ಚಲು ಕಷ್ಟವಾದ ಡಬ್ಬಿಯನ್ನು ಯಾರೂ ಒಣಗಿಸುವುದಿಲ್ಲ.

ನೀರು ತಾಗಿದ ತಕ್ಷಣ ಎಲ್ಲ ಸುಟ್ಟುಹೋಗುತ್ತದೆ ಅಂತ ಜನ ಹೆದರುತ್ತಾರೆ. ಹಾಗಾಗುವುದು ಕಡಿಮೆ. ಶುದ್ಧ ನೀರಲ್ಲಿ ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ. ಮಣ್ಣು, ಉಪ್ಪು ಕರಗಿದ ನೀರಲ್ಲಿ ಹರಿಯುತ್ತದೆ. ಪಕ್ಕಪಕ್ಕದ ಪ್ಲಸ್, ಮೈನಸ್ ಪಿನ್‌ಗಳ ನಡುವೆ ಅಂಥ ಒಂದು ಹನಿ ಕೂತರೆ ಪ್ಲಸ್ ಕಡೆಯ ತಾಮ್ರ ಕರಗುತ್ತಾ ಹೋಗುತ್ತದೆ. ಬ್ಯಾಟರಿ ಜೋಡಿಸಿರುವಷ್ಟು ಹೊತ್ತೂ ಇದು ನಡೆಯುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಕು ಅಂದುಕೊಳ್ಳಬೇಡಿ. ಎಷ್ಟೋ ಸ್ಪೀಡ್ ಕಂಟ್ರೋಲರ್‌ಗಳಲ್ಲಿ ಸ್ವಿಚ್ ಆಫ್ ಇದ್ದರೂ ಬೋರ್ಡಿಗೆ ಬ್ಯಾಟರಿಯ ವೋಲ್ಟೇಜ್ ಹೋಗುತ್ತಲೇ ಇರುತ್ತದೆ. ಓಡಿಸಿ ಮುಗಿದ ಮೇಲೆ ಮೊದಲ ಕೆಲಸ ಬ್ಯಾಟರಿ ಕಳಚುವುದು. ಉಳಿದದ್ದೆಲ್ಲ ಆಮೇಲೆ.

ಬೋರ್ಡನ್ನು ಕಾಯುವುದು ಕನ್ಫಾರ್ಮಲ್ ಕೋಟಿಂಗ್. ಬೋರ್ಡಿನ ಮೇಲೆ ಹಚ್ಚುವ ತೆಳು ಲೇಪ ಅದು. ಅಕ್ರಿಲಿಕ್, ಸಿಲಿಕೋನ್ ಎರಡೂ ಸಿಗುತ್ತವೆ. ಅಕ್ರಿಲಿಕ್ ಬೇಗ ಒಣಗುತ್ತದೆ, ಬೇಕೆಂದಾಗ ಸಾಲ್ವೆಂಟ್ ಹಾಕಿ ತೆಗೆಯಬಹುದು. ಸಿಲಿಕೋನ್ ಬಿಸಿ ಚೆನ್ನಾಗಿ ತಡೆಯುತ್ತದೆ, ಅಲುಗಾಟಕ್ಕೆ ಬಿರುಕು ಬಿಡುವುದಿಲ್ಲ. ಗುದ್ದಾಡುವ ಟ್ರಕ್‌ಗೆ ನಾನು ಸಿಲಿಕೋನನ್ನೇ ಆರಿಸುತ್ತೇನೆ. ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟರೆ ನೀಲಿಯಾಗಿ ಹೊಳೆಯುವ ಥರದ್ದು ತಗೊಳ್ಳಿ. ಬ್ರಷ್ ತಾಗದ ಜಾಗ ಆ ಬೆಳಕಲ್ಲಿ ಕಪ್ಪಾಗಿ ಕಾಣುತ್ತದೆ. ಚಿಪ್ಪಿನ ಕಾಲುಗಳ ಸಂದಿ, ಕೆಪಾಸಿಟರ್‌ನ ಬುಡ, ವೈರ್ ಬೋರ್ಡಿಗೆ ಸೇರುವ ಸೋಲ್ಡರ್ ಜಾಗ, ಇಲ್ಲೆಲ್ಲ ಬಿಟ್ಟುಹೋಗುವುದು ಸಹಜ. ವೈರ್‌ನ ಬುಡಕ್ಕೆ ಧಾರಾಳವಾಗಿ ಹಚ್ಚಿದರೆ ಎಳೆಗಳೊಳಗಿಂದ ಬರುವ ನೀರಿಗೂ ಅಲ್ಲೇ ಒಂದು ತಡೆ ಆಗುತ್ತದೆ.

ಹಚ್ಚುವುದಕ್ಕಿಂತ ಮುಖ್ಯವಾದದ್ದು ಅದಕ್ಕೆ ಮೊದಲಿನ ತೊಳೆತ. ಈ ಲೇಪ ನೀರನ್ನು ತಡೆಯುತ್ತದೆ ನಿಜ, ಆದರೆ ಆವಿ ನಿಧಾನವಾಗಿ ಅದರೊಳಗೂ ನುಸುಳುತ್ತದೆ. ಅಡಿಯಲ್ಲಿ ಬೆರಳಿನ ಬೆವರು, ಸೋಲ್ಡರ್ ಹಿಡಿಯಲು ಹಚ್ಚಿದ ಫ್ಲಕ್ಸ್ ಉಳಿದಿದ್ದರೆ ಆ ಪಸೆಗೆ ಅಷ್ಟು ಸಾಕು, ಲೇಪದ ಕೆಳಗೇ ಕಿಲುಬು ಹಿಡಿಯುತ್ತದೆ. 99 ಶೇಕಡಾದ ಐಸೊಪ್ರೊಪೈಲ್ ಆಲ್ಕೊಹಾಲ್, ಮೆತ್ತನೆ ಬ್ರಷ್ ತಗೊಂಡು ಉಜ್ಜಿ, ಪೂರ್ತಿ ಒಣಗಿಸಿ, ಆಮೇಲೆ ತೆಳುವಾಗಿ ಎರಡು ಕೈ ಹಚ್ಚಬೇಕು. ಕನೆಕ್ಟರ್ ಪಿನ್, ಬಟನ್, ಹೀಟ್‌ಸಿಂಕ್ ಮೇಲೆ ಟೇಪ್ ಅಂಟಿಸಿ ಮುಚ್ಚಿಕೊಳ್ಳಿ. ಒಂದು ದಿನ ಹಾಗೇ ಬಿಡಿ. ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಆದರೆ ಒಳಗೆ ಗಟ್ಟಿಯಾಗಲು ಹೊತ್ತು ಬೇಕು.

ಬಾತ್‌ರೂಮಿಗೆ ಬಳಸುವ ಸಿಲಿಕೋನ್ ಸೀಲಂಟನ್ನು ಬೋರ್ಡಿಗೆ ಮೆತ್ತಿ ತರುವವರೂ ಇದ್ದಾರೆ. ಅದರಲ್ಲಿ ವಿನೆಗರ್ ವಾಸನೆ ಬರುತ್ತಿದ್ದರೆ ದಯವಿಟ್ಟು ಬೋರ್ಡಿನ ಹತ್ತಿರ ತರಬೇಡಿ. ಒಣಗುವಾಗ ಅದು ಅಸಿಟಿಕ್ ಆಸಿಡ್ ಬಿಡುತ್ತದೆ, ತಾಮ್ರವನ್ನು ಅದೇ ತಿನ್ನುತ್ತದೆ. ಬೇಕೇ ಬೇಕೆಂದರೆ ನ್ಯೂಟ್ರಲ್ ಕ್ಯೂರ್, ಅಂದರೆ ಆ ಆಸಿಡ್ ಬಿಡದ್ದು, ಅಂತ ಬರೆದಿರುವುದನ್ನು ಕೇಳಿ ತಗೊಳ್ಳಿ. ಎಪಾಕ್ಸಿ ಸುರಿದು ಡಬ್ಬಿ ತುಂಬಿಸುವುದನ್ನೂ ನಾನು ಒಪ್ಪುವುದಿಲ್ಲ. ನೀರು ಹೋಗದೇ ಇರಬಹುದು, ಆದರೆ ಒಂದು ವೈರ್ ಕಿತ್ತುಬಂದರೂ ಇಡೀ ಬೋರ್ಡನ್ನೇ ಎಸೆಯಬೇಕಾಗುತ್ತದೆ.

ಬಲೂನಿನ ವಿಷಯಕ್ಕೆ ಬರೋಣ. ರಿಸೀವರ್‌ಗೆ ಬಲೂನು ತೊಡಿಸಿ ಜಿಪ್‌ಟೈ ಕಟ್ಟುವುದು ಹಳೆಯ ಉಪಾಯ. ಒಂದು ದಿನದ ಮಟ್ಟಿಗೆ ನಡೆಯುತ್ತದೆ. ಆದರೆ ಕಟ್ಟುವಾಗಲೇ ಒಳಗೆ ಸೇರಿದ ತೇವ ಅಲ್ಲೇ ಇದ್ದು, ತಣಿದಾಗ ಹನಿಯಾಗುತ್ತದೆ, ಹೊರಗೆ ಹೋಗಲು ದಾರಿಯೇ ಇಲ್ಲ. ಸ್ಪೀಡ್ ಕಂಟ್ರೋಲರ್‌ಗಂತೂ ಬಲೂನು ಹಾಕಲೇಬೇಡಿ. ಗಾಳಿ ಆಡದೆ ಅದು ಕಾದು ಕೆಡುತ್ತದೆ. ಕೆಸರಲ್ಲಿ ಚಕ್ರ ತಿರುಗಿಸಲು ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಅಂದರೆ ಬಿಸಿಯೂ ಜಾಸ್ತಿ. ಕಂಟ್ರೋಲರ್ ಮೇಲಿನ ಸಣ್ಣ ಫ್ಯಾನ್ ಸಾಮಾನ್ಯವಾಗಿ ನೀರು ತಡೆಯುವುದಿಲ್ಲ. ಬೋರ್ಡ್ ನೀರು ತಡೆದರೂ ಫ್ಯಾನ್ ಕೆಡುತ್ತದೆ. ನೀರಲ್ಲಿ ಓಡಿಸುವ ದಿನ ಫ್ಯಾನ್ ಕಳಚಿ, ಮೋಟಾರ್ ಶಾಫ್ಟಿನ ಪಿನಿಯನ್ ಗೇರ್ ಒಂದೆರಡು ಹಲ್ಲು ಚಿಕ್ಕದು ಹಾಕಿ ಅಂತ ಹೇಳುತ್ತೇನೆ. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಬಿಸಿಯೂ ಕಡಿಮೆಯಾಗುತ್ತದೆ.

ಸರ್ವೋ ಬಿಚ್ಚಿದಾಗ ನೋಡಬೇಕಾದ ಜಾಗ ಮೂರು. ತಿರುಗುವ ಶಾಫ್ಟ್, ಕವಚದ ಜೋಡಣೆ, ವೈರ್ ಹೊರಬರುವ ತೂತು. ಶಾಫ್ಟಿನ ಸುತ್ತ ಒಂದು ಸಣ್ಣ ಓ-ರಿಂಗ್ ಕೂರಿಸಿ, ಸಿಲಿಕೋನ್ ಗ್ರೀಸ್ ತುಂಬಿ, ಮೇಲೆ ಹಾರ್ನ್ (ಶಾಫ್ಟಿಗೆ ಕೂರುವ ಪುಟ್ಟ ತೋಳು) ಒತ್ತಿ ಬಿಗಿಯುತ್ತೇನೆ. ಕವಚದ ಅಂಚಿಗೂ ಅದೇ ಗ್ರೀಸ್. ಬೋರ್ಡಿಗೆ ಕೋಟಿಂಗ್ ಹಚ್ಚುವಾಗ ಪೊಟೆನ್ಶಿಯೋಮೀಟರ್ ಒಳಗೆ ಒಂದು ಹನಿಯೂ ಹೋಗಬಾರದು. ಚಕ್ರ ಎಲ್ಲಿಗೆ ತಿರುಗಿದೆ ಅಂತ ಸರ್ವೋಗೆ ತಿಳಿಸುವುದೇ ಅದು. ಒಳಗೆ ಲೇಪವಾಗಲಿ ಕೆಸರಾಗಲಿ ಹೋದರೆ ಸ್ಟೀರಿಂಗ್ ಸುಮ್ನೆ ನಡುಗುತ್ತಿರುತ್ತದೆ.

ರಿಸೀವರ್ ಡಬ್ಬಿಯಲ್ಲಿ ವೈರ್‌ಗಳು ಹೊರಬರುವ ಬಾಯಿಗೆ ಗ್ರೀಸ್ ಮೆತ್ತಿ, ವೈರ್‌ಗಳನ್ನು ಒಂದರ ಮೇಲೊಂದು ಹಾಕದೆ ಸಾಲಾಗಿ ಕೂರಿಸಿ. ಡಬ್ಬಿಗೆ ಸೇರುವ ಮೊದಲು ವೈರ್ ಒಮ್ಮೆ ಕೆಳಗೆ ಬಾಗಿ ಮೇಲೆ ಹೋಗಲಿ, ಹರಿದುಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಆಂಟೆನಾ ಬೇರೆಯದೇ ಕಥೆ. 2.4 ಗಿಗಾಹರ್ಟ್ಸ್ ಸಿಗ್ನಲ್ ನೀರಿನೊಳಗೆ ಹೆಚ್ಚು ದೂರ ಹೋಗುವುದಿಲ್ಲ. ತುದಿಯಲ್ಲಿ ಕವಚ ಸುಲಿದಂತೆ ಕಾಣುವ ಸುಮಾರು 31 ಮಿಲಿಮೀಟರ್ ಭಾಗವೇ ಸಿಗ್ನಲ್ ಹಿಡಿಯುವುದು. ಅದನ್ನು ಕತ್ತರಿಸಬೇಡಿ, ಡಬ್ಬಿಯೊಳಗೆ ಮಡಚಬೇಡಿ, ಟ್ಯೂಬಿನಲ್ಲಿ ಎತ್ತರಕ್ಕೆ ನಿಲ್ಲಿಸಿ. ಸಿಗ್ನಲ್ ಹೋದಾಗ ಟ್ರಕ್ ಏನು ಮಾಡಬೇಕು ಅಂತ ಮೊದಲೇ ಹೇಳಿಡುವ ಫೇಲ್‌ಸೇಫ್‌ನಲ್ಲಿ ಥ್ರಾಟಲ್ ನ್ಯೂಟ್ರಲ್‌ಗೆ ಬರುವ ಹಾಗೆ ಹೊಂದಿಸಿ. ಸಿಗ್ನಲ್ ತಪ್ಪಿದ ಟ್ರಕ್ ಇನ್ನೂ ಆಳಕ್ಕೆ ಓಡಬಾರದು.

ಮೋಟಾರ್ ಬಗ್ಗೆ ಜಾಸ್ತಿ ಚಿಂತೆ ಬೇಡ. ಸೆನ್ಸರ್ ಇಲ್ಲದ ಬ್ರಶ್‌ಲೆಸ್ ಮೋಟಾರ್ ಒದ್ದೆಯಾದರೂ ಓಡುತ್ತದೆ. ಸೆನ್ಸರ್ ಇರುವುದರಲ್ಲಿ ಒಳಗೆ ಪುಟ್ಟ ಬೋರ್ಡ್ ಇದೆ, ಅದಕ್ಕೆ ಅಪಾಯ. ಬ್ರಶ್ ಇರುವ ಮೋಟಾರೂ ನೀರಲ್ಲಿ ಓಡುತ್ತದೆ, ಆದರೆ ಬ್ರಶ್ ಬೇಗ ಸವೆಯುತ್ತದೆ. ಬ್ಯಾಟರಿಯಲ್ಲಿ ಎಲ್ಲರೂ ಮರೆಯುವುದು ಲಿಪೋದ (ಲಿಥಿಯಂ ಪಾಲಿಮರ್ ಬ್ಯಾಟರಿ) ಬ್ಯಾಲೆನ್ಸ್ ಕನೆಕ್ಟರ್, ಅಂದರೆ ಚಾರ್ಜ್ ಮಾಡುವಾಗ ಸೆಲ್‌ಗಳನ್ನು ಸಮ ಮಾಡಲು ಇರುವ ಸಣ್ಣ ಕನೆಕ್ಟರ್. ಪಿನ್‌ಗಳು ಬಾಯಿ ತೆರೆದೇ ಇರುತ್ತವೆ, ಪೂರ್ತಿ ವೋಲ್ಟೇಜ್ ಅಲ್ಲೇ ಇರುತ್ತದೆ. ಸ್ವಲ್ಪ ಸಿಲಿಕೋನ್ ಗ್ರೀಸ್ ತುಂಬಿ, ಮೇಲೆ ಕ್ಯಾಪ್ ಹಾಕಿ. ಒದ್ದೆಯಾಗಿ ಬಂದ ಬ್ಯಾಟರಿ ಉಬ್ಬಿದ್ದರೆ ಚಾರ್ಜ್ ಮಾಡುವ ಯೋಚನೆ ಬಿಟ್ಟುಬಿಡಿ.

ಡಬ್ಬಿ ಸರಿಯಾಗಿದೆಯೇ ಅಂತ ನೋಡಲು ಎಲೆಕ್ಟ್ರಾನಿಕ್ಸ್ ಒಳಗಿಡಬೇಕಾಗಿಲ್ಲ. ಹಳೆಯ ವೈರ್ ತುಂಡುಗಳನ್ನು ಬಾಯಿಯಲ್ಲಿ ಕೂರಿಸಿ, ಅವುಗಳ ಹೊರತುದಿಯನ್ನು ನೀರಿನ ಮೇಲೆ ಎತ್ತಿಟ್ಟು, ಒಳಗೆ ಟಿಶ್ಯೂ ಪೇಪರ್ ಇಟ್ಟು ಮುಚ್ಚುತ್ತೇನೆ. ಡಬ್ಬಿಯನ್ನು ಸ್ವಲ್ಪ ಬೆಚ್ಚಗೆ ಮಾಡಿ ತಣ್ಣೀರಿಗೆ ಹಾಕುತ್ತೇನೆ. ಕೋಣೆಯ ಬಿಸಿಯಲ್ಲೇ ಹಾಕಿದರೆ ಪಾಸಾಗುವ ಡಬ್ಬಿ ಈ ಪರೀಕ್ಷೆಯಲ್ಲಿ ಫೇಲ್ ಆಗುವುದು ನನಗೆ ಹೊಸದಲ್ಲ. ಟಿಶ್ಯೂ ಯಾವ ಮೂಲೆಯಲ್ಲಿ ಒದ್ದೆಯಾಗಿದೆ ಅಂತ ನೋಡಿದರೆ ನೀರು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಓಡಿಸಿ ಬಂದ ಮೇಲೆ ಸಣ್ಣ ಧಾರೆಯ ಸಿಹಿನೀರಲ್ಲಿ ಕೆಸರು ತೊಳೆಯಿರಿ. ಪ್ರೆಶರ್ ವಾಷರ್ ಬೇಡ, ಅದು ಸೀಲಿನೊಳಗೇ ನೀರು ನುಗ್ಗಿಸುತ್ತದೆ. ಕನೆಕ್ಟರ್‌ಗಳನ್ನು ಕಳಚಿ, ಡಬ್ಬಿಯ ಮುಚ್ಚಳ ತೆಗೆದು ಫ್ಯಾನಿನ ಮುಂದೆ ರಾತ್ರಿಯಿಡೀ ಇಡಿ. ಅಕ್ಕಿಯಲ್ಲಿ ಹೂತಿಡುವುದರಿಂದ ಏನೂ ಲಾಭವಿಲ್ಲ, ಹರಿಯುವ ಗಾಳಿ ಅದಕ್ಕಿಂತ ಚೆನ್ನಾಗಿ ಒಣಗಿಸುತ್ತದೆ. ಬೇರಿಂಗ್‌ಗೆ ಡಬ್ಲ್ಯುಡಿ-40 ಹೊಡೆದರೆ ನೀರು ಹೊರಹೋಗುತ್ತದೆ ನಿಜ, ಆದರೆ ಒಳಗಿದ್ದ ಗ್ರೀಸನ್ನೂ ಅದು ತೊಳೆದುಬಿಡುತ್ತದೆ. ಒಣಗಿದ ಮೇಲೆ ಎಣ್ಣೆ ಬಿಡಲೇಬೇಕು. ಸಮುದ್ರದ ನೀರಿಗೆ ಇಳಿಸುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಕೇಳದೆ ಇಳಿಸಿದರೆ, ಮನೆಗೆ ಬರುವವರೆಗೂ ಕಾಯಬೇಡಿ. ಕ್ಯಾನ್ ತುಂಬ ಸಿಹಿನೀರು ಜೊತೆಗೇ ಒಯ್ದು, ಉಪ್ಪು ಒಣಗುವ ಮೊದಲೇ ಅಲ್ಲೇ ತೊಳೆಯಿರಿ.