ಟವೆಲ್‌ಗೆ ಬೀಗ ಕಟ್ಟಿ ಗಾಲ್ಫ್ ಕಲಿಸಿದ ದಿನ

ಕೋಲಾರದ ಹತ್ತಿರ ನಮ್ಮ ಭಾವನಿಗೆ ಒಂದಿಷ್ಟು ಜಮೀನಿದೆ, ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯಿದೆ. ಗಾಲ್ಫ್‌ಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ನಾನು ಬೆಂಗಳೂರಿನಲ್ಲಿ ಆಫೀಸಿನವರ ಜೊತೆ ಗಾಲ್ಫ್ ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್‌ಗೆ ಹೋಗಿ ಹೋಗಿ ಈ ಹುಚ್ಚು ಹತ್ತಿಸಿಕೊಂಡವನು. ಸಂಕ್ರಾಂತಿಗೆ ಅಕ್ಕನ ಮನೆಗೆ ಹೋದಾಗ ಕಾರಿನ ಡಿಕ್ಕಿಯಲ್ಲಿದ್ದ ಕ್ಲಬ್‌ಗಳು, ಅಂದರೆ ಗಾಲ್ಫ್ ಕೋಲುಗಳು, ಭಾವನ ಕಣ್ಣಿಗೆ ಬಿದ್ದವು.

“ಇದರಲ್ಲಿ ಕಷ್ಟ ಏನಿದೆ? ನಿಂತಿರೋ ಚೆಂಡು ತಾನೆ. ಬಾ, ಹೊಲದ ಕಡೆ ಹೋಗೋಣ” ಅಂದರು. ಹಳ್ಳಿ ಟೂರ್ನಿಗಳಲ್ಲಿ ಟೆನಿಸ್ ಬಾಲ್ ಸಿಕ್ಸರ್ ಹೊಡೆದ ಕೈ ಅದು. ಆ ಧೈರ್ಯ ಬರೋದು ಸಹಜ.

ಮೊದಲಾಗಿದ್ದರೆ ಕೆರೆ ಅಂಗಳಕ್ಕೇ ಹೋಗಬಹುದಿತ್ತು. ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಜಿಲ್ಲೆಯ ಕೆರೆಗಳಿಗೆ ಬರಲು ಶುರುವಾಯಿತಲ್ಲ, ಆಮೇಲೆ ಆ ಕೆರೆಯಲ್ಲಿ ನೀರು ನಿಂತಿದೆ. ಸಂಸ್ಕರಿಸಿದ ನೀರಿನ ಬಗ್ಗೆ ಊರಲ್ಲಿ ಎರಡು ಮಾತಿದೆ, ಅದು ಬೇರೆ ವಿಷಯ. ನಮಗೆ ಉಳಿದದ್ದು ರಾಗಿ ಕೊಯ್ದ ಹೊಲ. ಎಡಕ್ಕೆ ನೀಲಗಿರಿ ತೋಪು, ಬಲಕ್ಕೆ ಪಕ್ಕದವರ ಟೊಮೆಟೊ. ಕೋಲಾರದಲ್ಲಿ ಟೊಮೆಟೊ ಹೊಲಕ್ಕೆ ಚೆಂಡು ಹೊಡೆಯೋದು ಅಂದರೆ ಸುಮ್ನೆ ಅಲ್ಲ. ಕಡ್ಡಿ ನೆಟ್ಟು, ದಾರ ಕಟ್ಟಿ, ಸಾಲ ಮಾಡಿ ಬೆಳೆದಿರುತ್ತಾರೆ. ಹೀಗಾಗಿ ಅತಿ ದೂರ ಹೊಡೆಯುವ ಉದ್ದದ ಕ್ಲಬ್ಬು, ಡ್ರೈವರ್, ಮುಟ್ಟೋದು ಬೇಡ, ಅದಕ್ಕಿಂತ ಗಿಡ್ಡದಾದ 7 ನಂಬರ್ ಐರನ್ ಸಾಕು ಅಂದೆ.

ಭಾವ ಕ್ಲಬ್ಬನ್ನು ತಲೆಯ ಹಿಂದಕ್ಕೆ ಪೂರಾ ಎತ್ತಿದರು. ಅಲ್ಲಿಂದ ಮೈ ತಿರುಗಿಸಿ ಎಳೆಯೋಕೆ ಶುರು ಮಾಡಿದರು. ಕೈ ಅರ್ಧ ಇಳಿಯುವಷ್ಟರಲ್ಲಿ ಬಲಗೈ ಮಧ್ಯೆ ಬಾಯಿ ಹಾಕಿತು. ಚೆಂಡಿಗಿಂತ ಒಂದು ಗೇಣು ಹಿಂದೆ ಕೂಳೆ ಸಮೇತ ಮಣ್ಣು ಎದ್ದಿತು, ಚೆಂಡು ನಾಲ್ಕು ಹೆಜ್ಜೆ ಉರುಳಿತು. ಮುಂದಿನದು ಬಲಕ್ಕೆ ಬಾಳೆಹಣ್ಣಿನ ಹಾಗೆ ಬಾಗಿ ನೇರ ಟೊಮೆಟೊ ಸಾಲಿಗೆ. ಅಕ್ಕನ ಮಗಳು ಹುಡುಕೋಕೆ ಓಡಿದಳು.

“ಇನ್ನೂ ಜೋರಾಗಿ ಹೊಡೀಬೇಕೇನೋ?” ಅಂತ ಭಾವ ಕೇಳಿದರು. ಹೊಸಬರೆಲ್ಲ ಕೇಳೋದೇ ಇದನ್ನು. ಚೆಂಡಿಗೆ ತಾಗುವ ಕ್ಷಣದಲ್ಲಿ ಇನ್ನೊಂದು ಏಟು ಸೇರಿಸಬಹುದು ಅಂತ ನಮ್ಮ ಕೈ ನಂಬಿರುತ್ತದೆ. ಆದರೆ ಕ್ಲಬ್ಬಿನ ತಲೆ ಚೆಂಡಿಗೆ ಅಂಟಿಕೊಂಡಿರುವುದು ಸೆಕೆಂಡಿನ ಸುಮಾರು 2000ದಲ್ಲಿ ಒಂದು ಪಾಲು ಮಾತ್ರ. ತಾಗಿದ್ದು ನಮಗೆ ಗೊತ್ತಾಗುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ಆ ಹೊತ್ತಲ್ಲಿ ಯಾವ ಪೈಲ್ವಾನನೂ ಏನೂ ಸೇರಿಸಲಾರ. ವೇಗವೆಲ್ಲ ಅದಕ್ಕೆ ಮುಂಚೆಯೇ ಕೂಡಿ ಬಂದಿರಬೇಕು. ಅದನ್ನು ಹೇಗೆ ಕೂಡಿಸ್ತೀರಿ ಅನ್ನೋದೇ ‘ಹಿಟ್’ (ದಬ್ಬಿ ಹೊಡೆಯೋದು), ‘ಸ್ವಿಂಗ್’ (ತೂಗಿ ಹೊಡೆಯೋದು) ಅನ್ನುವ ಜಗಳ.

ನಾನು ಸ್ವಿಂಗಿನ ಕಡೆಯವನು. ಮೈಯಲ್ಲಿ ಬಲ ಕಮ್ಮಿ ಇರೋರು ಆ ಪಕ್ಷಕ್ಕೇ ಸೇರೋದು. ಭಾವನ ಹೆಗಲ ಮೇಲಿನ ಟವೆಲ್ ತೆಗೆದುಕೊಂಡು, ಅದರ ತುದಿಗೆ ಪಂಪ್‌ಹೌಸಿನ ಬೀಗ ಕಟ್ಟಿ ಕೊಟ್ಟೆ. “ಇದನ್ನ ತೂಗಿ” ಅಂದೆ. ಇದು ನನ್ನ ಉಪಾಯ ಅಲ್ಲ. ಅರ್ನೆಸ್ಟ್ ಜೋನ್ಸ್ ಎಂಬ ಇಂಗ್ಲೆಂಡಿನ ಆಟಗಾರ ಕರವಸ್ತ್ರಕ್ಕೆ ಚಿಕ್ಕ ಚಾಕು ಕಟ್ಟಿ ಕಲಿಸುತ್ತಿದ್ದ. 1916ರಲ್ಲಿ ಯುದ್ಧದಲ್ಲಿ ಅವನ ಬಲಗಾಲು ಮಂಡಿಯ ಕೆಳಗೆ ಹೋಯಿತು. ಆಮೇಲೆ ಒಂದೇ ಕಾಲಿನ ಮೇಲೆ ಆಡಿ 83 ಹೊಡೆತಕ್ಕೆ 18 ಗುಳಿ ಮುಗಿಸಿದ. ಕ್ಲಬ್ಬಿನ ತಲೆಯನ್ನು ತೂಗೋದು ಬಂದರೆ ಕಾಲು, ಸೊಂಟ, ಭುಜ ತಾವಾಗಿಯೇ ಹಿಂದೆ ಬರುತ್ತವೆ ಅನ್ನೋದು ಅವನ ವಾದ.

ಭಾವ ಬೀಗವನ್ನು ಒಮ್ಮೆ ಜಗ್ಗಿದರು. ಟವೆಲ್ ಸಡಿಲವಾಗಿ ಮಡಚಿಕೊಂಡಿತು, ಬೀಗ ಎಲ್ಲೆಲ್ಲೋ ಹೋಯಿತು. ನಿಧಾನ ಶುರು ಮಾಡಿ ತೂಗಿದಾಗ ಮಾತ್ರ ಟವೆಲ್ ಬಿಗಿಯಾಗಿ, ಬೀಗ ದೊಡ್ಡ ಸುತ್ತು ಹಾಕಿ ಬಂತು. ಸ್ವಿಂಗ್ ಅಂದರೆ ಅಷ್ಟೇ. ಎಡತೋಳು ಟವೆಲ್ ಇದ್ದ ಹಾಗೆ. ಮೈ ತಿರುಗಿ ಅದನ್ನು ಎಳೆಯುತ್ತದೆ. ಮಡಚಿದ ಮಣಿಕಟ್ಟು ಹೊರಗೆಳೆಯುವ ಸೆಳೆತಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ. ನೀವು ಬಿಚ್ಚೋಕೆ ಹೋಗಬಾರದು.

ಅಷ್ಟರಲ್ಲಿ ಅಕ್ಕನ ಮಗಳು “ಮಾಮ, ನಾನೂ” ಅಂತ ಕ್ಲಬ್ ಕಿತ್ತುಕೊಂಡಳು. ಅವಳಿಗೆ ಅದು ಭಾರ. ಭಾರ ಆದ್ದರಿಂದಲೇ ಅವಳು ತೂಗಲೇಬೇಕು, ದಬ್ಬೋಕೆ ಶಕ್ತಿಯೇ ಇಲ್ಲ. ಚೆಂಡು ದೂರ ಹೋಗಲಿಲ್ಲ, ನೇರ ಹೋಯಿತು. ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ವಿಷಯ ತೆಗೆದೆ. 2021ರ ಆಗಸ್ಟ್ 7ರ ಬೆಳಿಗ್ಗೆ ಗಾಲ್ಫ್ ಗೊತ್ತಿಲ್ಲದವರೂ ಟಿವಿ ಮುಂದೆ ಕೂತಿದ್ದರಲ್ಲ! ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಡ್ರೈವ್ ದೂರದ ಲೆಕ್ಕದಲ್ಲಿ ಆಕೆ 60 ಜನರಲ್ಲಿ ಕೊನೆಯಲ್ಲಿದ್ದರು. ಆದರೂ ನಾಲ್ಕನೇ ಸ್ಥಾನ, ಕೂದಲೆಳೆಯಲ್ಲಿ ಪದಕ ತಪ್ಪಿತು. ಆಕೆಯನ್ನು ಅಷ್ಟು ಮೇಲೆ ತಂದದ್ದು ಮುಖ್ಯವಾಗಿ ಪಟ್ಟಿಂಗ್, ಅಂದರೆ ಗುಳಿಯ ಹತ್ತಿರ ಚೆಂಡನ್ನು ಮೆಲ್ಲಗೆ ಉರುಳಿಸುವ ಹೊಡೆತ, ಅನ್ನೋದನ್ನ ನಾನು ಆಗ ಬೇಕಂತಲೇ ಹೇಳಲಿಲ್ಲ. ವಾದ ಗೆಲ್ಲಬೇಕಿತ್ತು.

ಭಾವ ಗೆಲ್ಲೋಕೆ ಬಿಡಲಿಲ್ಲ. ಒಂದೆರಡು ಚೆಂಡು ಚೆನ್ನಾಗಿ ತೂಗಿದರು. ಮತ್ತೆ ಬಲಗೈ ನುಗ್ಗಿತು, ಮತ್ತೆ ಮಣ್ಣು. ಕ್ಲಬ್ಬನ್ನು ನೆಲಕ್ಕೆ ಊರಿ ನಿಂತು, “ನೋಡಯ್ಯಾ, ಟವೆಲನ್ನ ಎಳೆಯಬಹುದು, ದಬ್ಬೋಕಾಗಲ್ಲ. ಸರಿ. ಆದ್ರೆ ನನ್ನ ಕೈಲಿರೋದು ಟವೆಲ್ ಅಲ್ಲ, ಕಬ್ಬಿಣದ ಕೋಲು. ಕೋಲನ್ನ ದಬ್ಬಬಹುದಲ್ಲ?” ಅಂದರು.

ನನಗೆ ನಿಜಕ್ಕೂ ಖುಷಿಯಾಯಿತು. ಅಮೆರಿಕದ ಹೋಮರ್ ಕೆಲ್ಲಿ ಎಂಬಾತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು 1969ರಲ್ಲಿ ಪುಸ್ತಕ ಮಾಡಿದ್ದು ಇದನ್ನೇ. ಹಗ್ಗದ ಹಾಗೆ ಹಿಡಿದು ಎಳೆದರೆ ಸ್ವಿಂಗ್, ಕೊಡಲಿ ಹಿಡಿಯ ಹಾಗೆ ಹಿಡಿದು ದಬ್ಬಿದರೆ ಹಿಟ್. ಎರಡೂ ಪೂರ್ತಿ ವಿಧಾನಗಳೇ, ಒಂದು ಮೇಲು ಒಂದು ಕೀಳು ಅಂತಿಲ್ಲ. ಭಾವನ ಮಣ್ಣಿಗೂ ಟೊಮೆಟೊಗೂ ಕಾರಣ ದಬ್ಬಿದ್ದಲ್ಲ. ಎಳೆಯೋಕೆ ಹೊರಟು ನಡುದಾರಿಯಲ್ಲಿ ದಬ್ಬಿದ್ದು. ಹಾಗೆ ಮಾಡಿದಾಗ ಮಣಿಕಟ್ಟು ಬೇಗ ಬಿಚ್ಚಿಕೊಳ್ಳುತ್ತದೆ. ವೇಗವೆಲ್ಲ ಚೆಂಡಿಗೆ ಮುಂಚೆಯೇ ಖರ್ಚಾಗುತ್ತದೆ, ಕ್ಲಬ್ಬಿನ ಮುಖ ಬಲಕ್ಕೆ ತೆರೆದೇ ಉಳಿಯುತ್ತದೆ. ಡ್ರೈವಿಂಗ್ ರೇಂಜ್‌ನಲ್ಲಿ ನಾನು ನೋಡುವ ಹವ್ಯಾಸಿಗಳಲ್ಲಿ ಜಾಸ್ತಿ ಜನರ ಕಾಯಿಲೆ ಇದೇ.

ಹಾಗಾದರೆ ಪೂರಾ ದಬ್ಬಿಯೇ ನೋಡೋಣ ಅಂದುಕೊಂಡೆವು. ಭಾವ ಕ್ಲಬ್ಬನ್ನು ಹಿಂದಕ್ಕೆ ಎತ್ತುವ ಬ್ಯಾಕ್‌ಸ್ವಿಂಗನ್ನು ಮುಕ್ಕಾಲಿಗೇ ನಿಲ್ಲಿಸಿದೆ. ಕ್ಲಬ್ ತಲೆಯ ಹಿಂದೆ ಹೋಗೋದೇ ಬೇಡ. ಬಲಮೊಣಕೈ ಮಡಚಿ ಪಕ್ಕೆಯ ಹತ್ತಿರ ಇರಲಿ. ಮೈ ಎಡಕ್ಕೆ ಸ್ವಲ್ಪ ವಾಲಿದ ಮೇಲೆ ಮಡಚಿದ ಮೊಣಕೈಯನ್ನು ನೇರ ಮಾಡುತ್ತಾ ಹೋಗೋದು. ಬಲಮಣಿಕಟ್ಟು ಮಾತ್ರ ಹಿಂದಕ್ಕೆ ಬಾಗಿದ್ದು ಬಾಗಿದ ಹಾಗೆಯೇ ಇರಬೇಕು. ಅದನ್ನು ಚಿಮ್ಮಿಸಿದರೆ ಮುಗಿಯಿತು. “ಎಲ್ಲಿವರೆಗೆ ದಬ್ಬಲಿ?” ಅಂದರು. ಚೆಂಡಿನವರೆಗೆ ಅಲ್ಲ, ಚೆಂಡು ದಾಟಿ ಎರಡು ಕೈಯೂ ನೇರ ಆಗುವವರೆಗೆ ಅಂದೆ.

ಮೊದಲನೆಯ ಹೊಡೆತ ಚೆಂಡಿನ ನೆತ್ತಿಗೆ ತಾಗಿ, ಚೆಂಡು ನೆಲದ ಮೇಲೇ ಓಡಿತು. ಆಮೇಲಿನದು ಎದ್ದಿತು ನೋಡಿ. ಎತ್ತರ ಇಲ್ಲ, ಆದರೆ ಗಟ್ಟಿ, ನೇರ, ಅಂತರಗಂಗೆ ಬೆಟ್ಟದ ಕಡೆಗೆ. ಸದ್ದೇ ಬೇರೆ. ನನ್ನ 7 ನಂಬರ್ ಹೊಡೆತಕ್ಕಿಂತ ಮುಂದೆ ಹೋಗಿ ಬಿತ್ತು ಅನ್ನೋದನ್ನ ಅಕ್ಕನ ಮಗಳು ಹೆಜ್ಜೆ ಹಾಕಿ ಅಳೆದು, ಕೂಗಿ ಹೇಳಿದಳು. ಅದರ ಅಗತ್ಯ ಇರಲಿಲ್ಲ.

“ಈಗ ಆ ಉದ್ದದ್ದು ಕೊಡು” ಅಂತ ಡ್ರೈವರ್‌ಗೆ ಕೈ ಚಾಚಿದರು. ಕೊಡಲಿಲ್ಲ. ಟೊಮೆಟೊ ಒಂದು ಕಾರಣ, ನನ್ನ ನಂಬಿಕೆ ಇನ್ನೊಂದು. ಕ್ಲಬ್ ಉದ್ದ ಆದಷ್ಟೂ ಸುತ್ತು ದೊಡ್ಡದು, ತೂಗುವವನಿಗೆ ಲಾಭ. ದಬ್ಬುವ ತೋಳಿಗೆ ಒಂದು ವೇಗದಾಚೆ ಕ್ಲಬ್ಬಿನ ಹಿಂದೆ ಓಡೋಕಾಗಲ್ಲ. ಸಾಧಾರಣ ಹವ್ಯಾಸಿ ಗಂಡಸರ ಡ್ರೈವರ್ ತಲೆಯೇ ಗಂಟೆಗೆ 150 ಕಿ.ಮೀ. ಆಸುಪಾಸು ಓಡುತ್ತದೆ. ಭಾವ ಇದನ್ನು ಒಪ್ಪಿಲ್ಲ. ತೋಳಿನಲ್ಲಿ ಬಲ ಇರೋನಿಗೆ ಆ ಲೆಕ್ಕ ಬೇರೆ ಅಂತಾರೆ. ಅಮೆರಿಕದ ಹೆಸರಾಂತ ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ತರಹದವರನ್ನು ಜನ ಹಿಟ್ಟರ್ ಅಂತಲೇ ಕರೆದರು, ಆತ ಡ್ರೈವರ್ ಬಿಟ್ಟವನಲ್ಲ, ಹಾಗಾಗಿ ನನ್ನ ಬಾಯಿ ಪೂರ್ತಿ ಕಟ್ಟದಿದ್ದರೂ ಅರ್ಧ ಕಟ್ಟುತ್ತದೆ. ಪಕ್ಕದವರ ಟೊಮೆಟೊ ಕೊಯ್ಲು ಮುಗಿದ ಮೇಲೆ ನೋಡೋಣ ಅಂತ ಮಾತಾಗಿದೆ.