ನಿರಾಶ್ರಿತರ ಪಾಠದಲ್ಲಿ ಕಾಗದಪತ್ರಗಳು

ನಿರಾಶ್ರಿತರ ಕುರಿತು ಪಾಠ ಮಾಡುವಾಗ ಮಕ್ಕಳಿಗೆ ಒಂದು ಚಟುವಟಿಕೆ ಕೊಡುವ ರೂಢಿಯಿದೆ: ‘ಹತ್ತು ನಿಮಿಷದಲ್ಲಿ ಮನೆ ಬಿಟ್ಟು ಓಡಬೇಕಾಗಿ ಬಂದರೆ ಚೀಲದಲ್ಲಿ ಏನೇನು ತುಂಬಿಕೊಳ್ಳುವಿರಿ?’ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಇದನ್ನು ಮಾಡಿಸುವುದಿಲ್ಲ. ಮಕ್ಕಳು ಮೊಬೈಲು, ಚಾರ್ಜರು, ಬಿಸ್ಕತ್ತು ಎಂದು ಪಟ್ಟಿ ಬರೆದು ನಗುತ್ತಾರೆ. ಯಾದಗಿರಿಯ ಕಡೆಯಿಂದ ಗುಳೆ ಬಂದು ಕಟ್ಟಡ ಕೆಲಸದ ಶೆಡ್ಡಿನಲ್ಲಿ ವಾಸಿಸುವ ಮನೆಯ ಹುಡುಗ ಅದೇ ಬೆಂಚಿನಲ್ಲಿ ಸುಮ್ಮನೆ ಕುಳಿತಿರುತ್ತಾನೆ. ಬರೀ ಕನಿಕರ ಹುಟ್ಟಿಸುವ ಪಾಠ ಗಂಟೆ ಬಾರಿಸುವಷ್ಟರಲ್ಲಿ ಮರೆತುಹೋಗುತ್ತದೆ. ಊರು ಬಿಟ್ಟು ಬಂದವರ ಬದುಕು ಯಾವ ಕಾನೂನಿಗೆ, ಯಾವ ಕಾಗದಕ್ಕೆ ಕಟ್ಟುಬಿದ್ದಿದೆ ಎಂಬುದನ್ನು ಮಕ್ಕಳು ತಿಳಿಯಬೇಕೆಂಬುದು ನನ್ನ ಆಗ್ರಹ.

ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಉದಾಹರಣೆಯಿದೆ. 1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಟಿಬೆಟನ್ನರಿಗೆ ನೆಲೆ ಒದಗಿಸಲು ಅಂದಿನ ಮೈಸೂರು ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿಯನ್ನು ಗುತ್ತಿಗೆಗೆ ನೀಡಿತು. ಎತ್ತರದ ತಣ್ಣನೆಯ ನಾಡಿನವರು ಇಲ್ಲಿನ ಸೆಕೆಯಲ್ಲಿ ಕಾಡು ಕಡಿದು, ಆನೆಗಳ ಕಾಟ ಸಹಿಸಿ, ಮುಸುಕಿನ ಜೋಳ ಬೆಳೆದರು. ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯ ನೆಲೆಗಳು ಅನಂತರದವು. ಶೈಕ್ಷಣಿಕ ಪ್ರವಾಸಕ್ಕೆ ಬೈಲಕುಪ್ಪೆಗೆ ಹೋಗುವ ಶಾಲೆಗಳು ಸ್ವರ್ಣ ದೇವಾಲಯದ ಎದುರು ಫೋಟೊ ತೆಗೆಸಿಕೊಂಡು ಹಿಂದಿರುಗುತ್ತವೆ. ಆ ಜೋಳದ ಹೊಲಗಳನ್ನೂ ಮಕ್ಕಳಿಗೆ ತೋರಿಸಬೇಕು.

1951ರ ವಿಶ್ವಸಂಸ್ಥೆಯ ಒಪ್ಪಂದವು ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳದ ಭಯದಿಂದ ದೇಶದ ಗಡಿ ದಾಟಿದವರನ್ನು ನಿರಾಶ್ರಿತರೆಂದು ಗುರುತಿಸುತ್ತದೆ. ಬರಗಾಲಕ್ಕೆ ಗುಳೆ ಹೋದವರಾಗಲಿ, ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮನೆ ಕಳೆದುಕೊಂಡ ಬಾಗಲಕೋಟೆಯವರಾಗಲಿ ಇದರೊಳಗೆ ಬರುವುದಿಲ್ಲ. ಅವರ ಸಂಕಟ ಕಡಿಮೆಯೆಂದು ಇದರ ಅರ್ಥವಲ್ಲ. ಅವರು ಹಕ್ಕು ಕೇಳಬೇಕಾದದ್ದು ತಮ್ಮದೇ ಸರ್ಕಾರವನ್ನು. ಗುಳೆ ಬಂದ ಮನೆಯ ಮಗುವಿನ ಬಳಿ ವರ್ಗಾವಣೆ ಪತ್ರ ಇಲ್ಲವೆಂಬ ಕಾರಣಕ್ಕೆ ಸರ್ಕಾರಿ ಶಾಲೆಯು ದಾಖಲಾತಿಯನ್ನು ತಡೆಯುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಈ ಮಾತನ್ನು ನಾನು ತರಗತಿಯಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಯ ರಕ್ಷಣೆ ಪೌರರಲ್ಲದವರಿಗೂ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ, ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಇಷ್ಟಾದ ಮೇಲೆ ಕರಿಹಲಗೆಯ ಮೇಲೆ ಒಂದು ಕಲ್ಪಿತ ಮನೆಯ ವಂಶವೃಕ್ಷ ಬರೆಯುತ್ತೇನೆ. ಅಜ್ಜ, ಅಜ್ಜಿ ಲಾಸಾದಲ್ಲಿ ಹುಟ್ಟಿದವರು. ಅವರ ಇಬ್ಬರು ಗಂಡುಮಕ್ಕಳು ಬೈಲಕುಪ್ಪೆಯಲ್ಲಿ ಹುಟ್ಟಿದವರು, ಹಿರಿಯವನು 1985ರಲ್ಲಿ, ಕಿರಿಯವನು 1989ರಲ್ಲಿ. ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಜನನದಿಂದಲೇ ಭಾರತೀಯರು; ಆ ದಿನದಿಂದ ಈಚೆಗೆ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. ಟಿಬೆಟನ್ನರಿಗೂ ಈ ನಿಯಮ ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲಿ ತೀರ್ಪು ನೀಡಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಹಾಗೆಯೇ ಹೇಳಿತು. ಅಂದರೆ ಅಣ್ಣ ಪಾಸ್‌ಪೋರ್ಟ್ ಕೇಳಬಹುದು, ಓಟು ಹಾಕಬಹುದು. ಒಂದೇ ಮನೆಯಲ್ಲಿ ಬೆಳೆದು ಒಂದೇ ಶಾಲೆಯಲ್ಲಿ ಓದಿದ ತಮ್ಮ ಮಾತ್ರ ವಿದೇಶಿಯರಿಗೆ ಕೊಡುವ ನೋಂದಣಿ ಪತ್ರವನ್ನು ನವೀಕರಿಸುತ್ತಾ ಇರಬೇಕು.

ಲೆಕ್ಕ ಬಿಡಿಸಿದ ಕೂಡಲೇ ಮಕ್ಕಳು ವಾದಕ್ಕೆ ಇಳಿಯುತ್ತಾರೆ. ಇದೇ ಮಣ್ಣಿನಲ್ಲಿ ಹುಟ್ಟಿದ ಮೇಲೆ ಭೇದವೇಕೆ ಎಂದು ಕೆಲವರು ಕೇಳಿದರೆ, ಯಾವ ಸರ್ಕಾರವಾದರೂ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ ಸರ್ ಎಂದು ಇನ್ನು ಕೆಲವರು ಹೇಳುತ್ತಾರೆ. ನಾನು ಯಾರ ಪರವನ್ನೂ ವಹಿಸುವುದಿಲ್ಲ. 1986ರಲ್ಲಿ ಸಂಸತ್ತು ಆ ಕಾಯ್ದೆಯನ್ನು ತಿದ್ದಿದ್ದು ಏಕೆ, ಆ ಹೊತ್ತಿನಲ್ಲಿ ಅಸ್ಸಾಮಿನಲ್ಲಿ ಏನು ನಡೆದಿತ್ತು ಎಂದು ಓದಿಕೊಂಡು ಬರಲು ಹೇಳಿ, ಮುಂದಿನ ತರಗತಿಯನ್ನು ಅಲ್ಲಿಂದ ಆರಂಭಿಸುತ್ತೇನೆ.